ನಡೆಯುವ ನೋಟು, ನಡೆಯದ ನೋಟು

ಔರಾದಿನಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಬಿತ್ತನೆಯ ಹಂಗಾಮು. ಬೀಜ-ಗೊಬ್ಬರದ ಅಂಗಡಿಗೆ ಬಂದವರ ಚಪ್ಪಲಿಗೆಲ್ಲ ಎರೆಮಣ್ಣು ಮೆತ್ತಿ, ಮೆಟ್ಟಿಲ ಬಣ್ಣ ಯಾವುದೆಂದು ಹೇಳುವಂತಿಲ್ಲ. ಒಳಗೆ ಬಂದು ಗಲ್ಲಾದ ಪಕ್ಕಕ್ಕೆ ನಿಲ್ಲಿ. ಇಲ್ಲಿಂದ ಸಾಹುಕಾರರ ಕೈ ಚೆನ್ನಾಗಿ ಕಾಣುತ್ತದೆ. ಆಳುಗಳು ಸೋಯಾ ಬೀಜದ ಚೀಲ ತಂದು ದೊಪ್ಪೆಂದು ಹಾಕಿದರೂ ಅವರು ತಲೆ ಎತ್ತುವುದಿಲ್ಲ. ಕಣ್ಣೆಲ್ಲ ನೋಟಿನ ಮೇಲೆ. ಐನೂರರ ನೋಟು ಕೈಗೆ ಬಂತೆಂದರೆ ಹೆಬ್ಬೆರಳು ಗಾಂಧೀಜಿಯ ಚಿತ್ರದ ಮೇಲೆ ಒಮ್ಮೆ ಹಾಯುತ್ತದೆ, ಉಬ್ಬು ಸಿಗುತ್ತದೆಯೇ ಎಂದು. ನೋಟು ಓರೆಯಾಗುತ್ತದೆ, ಹಸಿರು ದಾರ ನೀಲಿಗೆ ತಿರುಗುತ್ತದೆಯೇ ಎಂದು. ಆಮೇಲೆ ಎರಡೂ ತುದಿ ಹಿಡಿದು ಒಂದು ಸಣ್ಣ ಜಗ್ಗು. ಪಟ್ ಎಂದರೆ ಗಲ್ಲಾಕ್ಕೆ. ಪಟ್ ಎನ್ನದಿದ್ದರೆ ಹುಬ್ಬು ಗಂಟಾಗುತ್ತದೆ.

ಈ ಮಳೆಗಾಲದಲ್ಲಿ ಪಟ್ ಎನ್ನುವ ನೋಟು ಎಲ್ಲಿಂದ ಬರಬೇಕು? ಟ್ರಂಕಿನ ತಳದಲ್ಲಿ, ಜೋಳದ ಹಗೇವಿನ ಪಕ್ಕದಲ್ಲಿ, ಸೊಂಟದ ಚಂಚಿಯಲ್ಲಿ ಬೇಸಿಗೆ ಕಳೆದ ರೊಕ್ಕ ಇದು. ತೇವ ಕುಡಿದು ಜೋತುಬಿದ್ದಿದೆ.

ಸರದಿ ಬಂದ ಹೆಣ್ಣುಮಗಳೊಬ್ಬಳು ಚಂಚಿಯ ದಾರ ಬಿಚ್ಚಿ ನೋಟುಗಳನ್ನು ಒಂದೊಂದಾಗಿ ಗಲ್ಲಾದ ಮೇಲೆ ಇಡುತ್ತಾಳೆ. ಮೂರನೆಯದು ನಡುವೆ ಹರಿದು, ಪಾರದರ್ಶಕ ಟೇಪು ಹಚ್ಚಿದ್ದು. ಟೇಪು ಹಳದಿಯಾಗಿ ಅಂಚಿನಲ್ಲಿ ಧೂಳು ಕಟ್ಟಿದೆ.

"ಇದು ನಡಿಯಂಗಿಲ್ಲಕ್ಕ. ಬ್ಯಾರೆ ಕೊಡು."

"ಯಾಕ್ ನಡಿಯಂಗಿಲ್ರಿ ಸಾಹುಕಾರ? ನಂಗೂ ಯಾರರೇ ಕೊಟ್ಟಾರಲ್ರಿ."

"ಕೊಟ್ಟವ್ರಿಗೇ ಒಯ್ದು ಕೊಡು. ನಾ ಯಾರಿಗಿ ಕೊಡ್ಲಿ?"

ಆಕೆ ಮರುಮಾತಾಡದೆ ನೋಟು ಮಡಚಿ ಚಂಚಿಗೆ ಹಾಕುತ್ತಾಳೆ. ಒಂದು ಚೀಲ ಬೀಜ ಕಡಿಮೆಯಾಯಿತು. ಆಕೆಯ ಹಿಂದೆ ನಿಂತವರು ದೊಡ್ಡ ಹಿಡುವಳಿಯ ರೈತರು, ಪಟ್ಟಿ ಬರೆಸಿ ಟ್ರಾಕ್ಟರ್ ತಂದವರು. ಅವರು ರಬ್ಬರ್ ಹಾಕಿದ ಕಟ್ಟನ್ನು ಹಾಗೇ ಮುಂದೆ ನೂಕುತ್ತಾರೆ. ಸಾಹುಕಾರರು ಎಣಿಸುತ್ತಾರೆ. ಅದರೊಳಗೂ ಒಂದು ಟೇಪಿನ ನೋಟು ಇದೆ. ನೀವೂ ಕಂಡಿರಿ, ಅವರೂ ಕಂಡರು. ಬೆರಳು ಅಲ್ಲಿ ಅರೆಗಳಿಗೆ ನಿಂತು ಮುಂದೆ ಹೋಯಿತು. "ಚಾ ಕುಡೀತೀರಾ ಗೌಡ್ರ?"

ಅಂಗಡಿಯಲ್ಲಿ ನೋಟಿನ ಪರೀಕ್ಷೆ ಎಂದರೆ ಇದು. ಕಾಗದವನ್ನು ನೋಡುವ ಕಣ್ಣು ಅದನ್ನು ಕೊಡುವವರ ಮುಖವನ್ನೂ ನೋಡಿಕೊಳ್ಳುತ್ತದೆ. ಸಾಹುಕಾರರು ಕೆಟ್ಟವರು ಎಂದು ಹೇಳುತ್ತಿಲ್ಲ. ಔರಾದ್ ರಾಜ್ಯದ ಉತ್ತರದ ತುದಿ. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಉದಗೀರದಿಂದ, ದೇಗಲೂರಿನಿಂದ ಬಂದ ರೊಕ್ಕ ಇಲ್ಲಿ ಬೆರೆಯುತ್ತದೆ. ಕೆಟ್ಟ ನೋಟು ಕೊನೆಗೆ ತಮ್ಮ ಕೈಯಲ್ಲಿ ಉಳಿಯಬಾರದು ಎಂಬ ಅಂಜಿಕೆ ಅವರಿಗೂ ಇದೆ. ಆದರೆ ಉಳಿಯುವುದು ಮಾತ್ರ ಯಾವಾಗಲೂ ಮರುಮಾತಾಡದವರ ಚಂಚಿಯಲ್ಲಿ.

ಮುಖ ನೋಡದ ಪರೀಕ್ಷೆ ನೋಡಬೇಕೆಂದರೆ ಭಾಲ್ಕಿಗೆ ಬನ್ನಿ.

ಬ್ಯಾಂಕಿನ ಹೆಸರು ಬೇಡ. ಮಧ್ಯಾಹ್ನದ ಹೊತ್ತು, ಕೌಂಟರಿನ ಎದುರು ಪಿಂಚಣಿಯ ಮುತ್ಯಾಗಳು, ಸ್ವಸಹಾಯ ಸಂಘದ ಪಾಸ್‌ಬುಕ್ ಹಿಡಿದ ಹೆಂಗಸರು. ಹಿಂದಿನ ಕೋಣೆಗೆ ನಮಗೆ ಪ್ರವೇಶವಿಲ್ಲ. ಕೌಂಟರಿನ ಗಾಜಿನ ಈಚೆ ಒಂದು ಕುರ್ಚಿ ಹಾಕಿಕೊಟ್ಟಿದ್ದಾರೆ. ಹೆಡ್ ಕ್ಯಾಶಿಯರ್ ಸೇವೆಯ ಕೊನೆಯ ವರ್ಷಗಳಲ್ಲಿರುವವರು, ಕನ್ನಡಕ ಮೂಗಿನ ತುದಿಯಲ್ಲಿ. ಅವರ ಬಲಗಡೆ ಟೇಬಲ್ ಮೇಲೆ ಬೂದು ಬಣ್ಣದ ಯಂತ್ರ. ಮೇಲೆ ನೋಟು ಇಡುವ ತಟ್ಟೆ, ಮುಂದೆ ಎರಡು ಗೂಡು, ಅವುಗಳ ಮೇಲೊಂದು ಚಿಕ್ಕ ಗೂಡು. ಬ್ಯಾಂಕಿನವರು ಇದನ್ನು ಸಾರ್ಟಿಂಗ್ ಮಷೀನು ಎನ್ನುತ್ತಾರೆ. ನೂರು ಮತ್ತು ಅದಕ್ಕಿಂತ ದೊಡ್ಡ ನೋಟುಗಳನ್ನು ಯಂತ್ರದಲ್ಲಿ ಪರೀಕ್ಷಿಸದೆ ಮತ್ತೆ ಜನರಿಗೆ ಕೊಡಕೂಡದು, ಕೌಂಟರಿನಲ್ಲೂ ಇಲ್ಲ, ಎಟಿಎಂನಲ್ಲೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2009ರ ನವೆಂಬರಿನಲ್ಲಿ ಬ್ಯಾಂಕುಗಳಿಗೆ ಕಟ್ಟಪ್ಪಣೆ ಮಾಡಿತು. ಅದಕ್ಕೂ ಮೊದಲು ಈ ಕೆಲಸ ಹೆಚ್ಚಾಗಿ ಬೆರಳಿನದೇ.

ಕ್ಯಾಶಿಯರ್ ಒಂದು ಪ್ಯಾಕೆಟ್ಟಿನ ಕಾಗದದ ಪಟ್ಟಿ ಹರಿದು, ನೂರು ನೋಟುಗಳನ್ನು ಇಸ್ಪೀಟಿನ ಹಾಗೆ ಬೀಸಣಿಗೆ ಮಾಡಿ ಸಡಿಲಿಸಿ, ಅಂಚು ಕುಟ್ಟಿ ತಟ್ಟೆಯಲ್ಲಿಡುತ್ತಾರೆ. ಝರ್ರನೆ ಸದ್ದು. ಆರೇಳು ಸೆಕೆಂಡು. ಪರದೆಯಲ್ಲಿ ಅಂಕಿ: ಬಲಗೂಡಿನಲ್ಲಿ 71, ಎಡಗೂಡಿನಲ್ಲಿ 22, ಮೇಲಿನ ಗೂಡಿನಲ್ಲಿ 7. ಬಲಗಡೆಯವು ಮತ್ತೆ ಊರಿಗೆ ಹೋಗುತ್ತವೆ. ಎಡಗಡೆಯವು ಅಸಲಿಯೇ, ಆದರೆ ಸವೆದವು. ಅವು ಇನ್ನು ಮಾರುಕಟ್ಟೆ ಕಾಣುವುದಿಲ್ಲ. ಮೇಲಿನ ಗೂಡಿನಲ್ಲಿ ಬಿದ್ದ ಏಳನ್ನು ಯಂತ್ರ ತನಗೆ ತಿಳಿಯಲಿಲ್ಲ ಎಂದು ಬಿಟ್ಟುಕೊಟ್ಟಿದೆ.

ಆ ಆರೇಳು ಸೆಕೆಂಡನ್ನು ನಿಧಾನ ಮಾಡಿ ನೋಡಬೇಕು. ರಬ್ಬರ್ ಉರುಳೆಗಳು ಒಂದೊಂದೇ ನೋಟನ್ನು ಎಳೆದುಕೊಂಡು ಎರಡು ಗಾಜಿನ ಪಟ್ಟಿಗಳ ನಡುವೆ ಹಾಯಿಸುತ್ತವೆ. ಗಾಜಿನ ಹಿಂದೆ ನೋಟಿನ ಅಗಲದಷ್ಟೇ ಉದ್ದದ ಸಾಲುಗಣ್ಣು, ಎರಡೂ ಬದಿಗೆ. ಪಕ್ಕದಲ್ಲಿ ಮಿಣುಕುವ ದೀಪಗಳು: ನಮಗೆ ಕಾಣುವ ಬೆಳಕಿನವು ಕೆಲವು, ಕಾಣದ ಅವರಕ್ತ ಕಿರಣದ್ದು ಒಂದು, ನೇರಳಾತೀತದ್ದು ಒಂದು. ನೋಟು ಹಾದುಹೋಗುವಷ್ಟರಲ್ಲಿ ಪ್ರತಿ ಬೆಳಕಿನಲ್ಲೂ ಅದರ ಒಂದು ಚಿತ್ರ ಸಿದ್ಧ. ಆಚೆಗೆ ಕಾಂತದ ಗುಣ ಓದುವ ತಲೆ, ಅದರಾಚೆ ದಪ್ಪ ಅಳೆಯುವ ಉರುಳೆ. ಅಸಲಿ ನೋಟಿನಲ್ಲಿ ಅವರಕ್ತ ಬೆಳಕಿಗೆ ಕೆಲವು ಶಾಯಿ ಮಾಯವಾಗುತ್ತವೆ, ಕೆಲವು ಉಳಿಯುತ್ತವೆ. ಕಣ್ಣಿಗೆ ಒಂದೇ ಬಣ್ಣ ಕಂಡರೂ ಯಂತ್ರಕ್ಕೆ ಅರ್ಧ ಚಿತ್ರವೇ ಕಾಣಬೇಕು. ಇಡೀ ಚಿತ್ರ ಕಂಡರೆ ಅನುಮಾನ.

ಈ ಚಿತ್ರಗಳನ್ನು ಯಂತ್ರ ತನ್ನ ನೆನಪಿನ ಮಾದರಿಯ ಜೊತೆ ಹೋಲಿಸುತ್ತದೆ. ಒಂದು ನೋಟಿಗೆ ನಾಲ್ಕು ಮಾದರಿ: ಮುಖ ಮೇಲಾಗಿ ಒಂದು, ಬೆನ್ನು ಮೇಲಾಗಿ ಒಂದು, ಅವೆರಡನ್ನೂ ತಿರುಗಿಸಿದರೆ ಮತ್ತೆರಡು. ಐನೂರರ ಅಳತೆ 66 ಗುಣಿಲೆ 150 ಮಿಲಿಮೀಟರ್, ಇನ್ನೂರರದು 146, ನೂರರದು 142 ಉದ್ದ. ಇಷ್ಟರಿಂದಲೇ ಯಾವ ನೋಟೆಂದು ಗೊತ್ತಾಗುತ್ತದೆ. ಆದರೆ ಹೋಲಿಕೆ ತೀರಾ ಬಿಗಿಯಾಗಿರುವಂತಿಲ್ಲ. ಒಂದೇ ದಿನ ಅಚ್ಚಾದ ಎರಡು ನೋಟುಗಳಲ್ಲೂ ಚಿತ್ರ ಅಂಚಿನಿಂದ ಕೂದಲೆಳೆಯಷ್ಟು ಆಚೀಚೆ ಆಗಿರುತ್ತದೆ. ಅಷ್ಟಕ್ಕೇ ತಳ್ಳಿದರೆ ಒಳ್ಳೆಯ ನೋಟೂ ಉಳಿಯುವುದಿಲ್ಲ. ಸಡಿಲ ಬಿಟ್ಟರೆ ಖೋಟಾ ನುಸುಳುತ್ತದೆ. ಎಷ್ಟು ಸಡಿಲ ಎನ್ನುವುದೇ ಈ ಯಂತ್ರದ ಇಡೀ ವಿದ್ಯೆ. ಹೊಸ ವಿನ್ಯಾಸ ಬಂದಾಗಲೆಲ್ಲ ಹೊಸ ಮಾದರಿ ತುಂಬಬೇಕು. 2016ರ ನೋಟುರದ್ದಿನ ದಿನಗಳಲ್ಲಿ ಹೊಸ ಐನೂರು, ಎರಡು ಸಾವಿರದ ನೋಟು ಕೈಗೆ ಬಂದರೂ ದೇಶದ ಎಟಿಎಂಗಳನ್ನು ಒಂದೊಂದಾಗಿ ಅವುಗಳ ಅಳತೆಗೆ ಹೊಂದಿಸಬೇಕಾಯಿತಲ್ಲ, ಅದೇ ಕಥೆ.

ಸವೆತಕ್ಕೂ ಲೆಕ್ಕವಿದೆ. 2010ರಲ್ಲಿ ಮೊದಲು ಬಂದು 2022ರ ಜುಲೈಯಲ್ಲಿ ಪರಿಷ್ಕಾರವಾದ ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಕೊಳೆ, ಜೋಲುತನ, ಮೂಲೆ ಮಡಿಕೆ, ಅಂಚಿನ ಹರುಕು, ತೂತು, ಕಲೆ, ಗೀಚು, ಮುದುಡು, ಬಣ್ಣಗೇಡು, ಟೇಪು ಎಲ್ಲಕ್ಕೂ ಹೆಸರು ಉಂಟು. ಮೂಲೆ ಮಡಿಕೆ ನೂರು ಚದರ ಮಿಲಿಮೀಟರಿಗೆ ಮೀರಿ, ಅದರ ಚಿಕ್ಕ ಅಂಚು ಐದು ಮಿಲಿಮೀಟರ್ ದಾಟಿದರೆ ನೋಟು ಎಡಗೂಡಿಗೆ. ತೂತು ಎಂಟು ಚದರ ಮಿಲಿಮೀಟರ್ ದಾಟಬಾರದು. ಅಂದರೆ ಒಂದು ಜೋಳದ ಕಾಳು ಅದರಲ್ಲಿ ತೂರುವಂತಿದ್ದರೆ ಆ ನೋಟಿನ ಆಯುಷ್ಯ ಮುಗಿಯಿತು. ಟೇಪು ಕಂಡುಹಿಡಿಯುವುದು ಕಣ್ಣಲ್ಲ, ದಪ್ಪದ ಉರುಳೆ. ಎಷ್ಟೇ ತೆಳು ಟೇಪಿದ್ದರೂ ಅದರ ಮೇಲೆ ಹಾಯುವಾಗ ಉರುಳೆ ಸ್ವಲ್ಪ ಎದ್ದು ಇಳಿಯುತ್ತದೆ.

ಕೊಳೆಯ ವಿಚಾರ ಈ ಜಿಲ್ಲೆಯಲ್ಲಿ ಇನ್ನೂ ಸ್ವಾರಸ್ಯ. ಬೀದರ್ ಊರು ಕೂತಿರುವುದು ಜಂಬಿಟ್ಟಿಗೆಯ ಕೆಂಪು ದಿಬ್ಬದ ಮೇಲೆ. ಕೆಳಗಿಳಿದರೆ ಭಾಲ್ಕಿ, ಔರಾದುಗಳ ಎರೆಭೂಮಿ. ಕ್ಯಾಶಿಯರ್ ಎಡಗೂಡಿನಿಂದ ಎರಡು ನೋಟು ಹೆಕ್ಕಿ ಗಾಜಿಗೆ ಒತ್ತಿ ತೋರಿಸುತ್ತಾರೆ. ಒಂದರ ಅಂಚು ಇಟ್ಟಿಗೆ ಬಣ್ಣ, ಇನ್ನೊಂದರದು ಬೂದಿಗಪ್ಪು. "ನಾ ನೋಟು ನೋಡಿ ಯಾವ ಕಡಿದಂತ ಹೇಳ್ತೀನ್ರಿ. ಮಷೀನಿಗಿ ಅದೆಲ್ಲ ಗೊತ್ತಿಲ್ಲ." ನಿಜ. ಬೆಳಕು ಬಿಟ್ಟು, ಬಿಳಿ ಜಾಗದಿಂದ ಎಷ್ಟು ಮರಳಿತು ಎಂದಷ್ಟೇ ಅದು ಅಳೆಯುತ್ತದೆ. ಕೆಂಪಾಗಲಿ ಕಪ್ಪಾಗಲಿ, ಕಡಿಮೆ ಮರಳಿದರೆ ಕೊಳೆ.

ಈಗ ಮೇಲಿನ ಗೂಡಿನ ಏಳು. ಯಂತ್ರದ ಕೆಲಸ ಮುಗಿದು ಕ್ಯಾಶಿಯರ್ ಕೆಲಸ ಶುರುವಾಗುವುದು ಇಲ್ಲಿ.

ಅವರು ಏಳನ್ನೂ ಅದಲು ಬದಲು ಮಾಡಿ ಇನ್ನೊಮ್ಮೆ ಹಾಯಿಸುತ್ತಾರೆ. ಮೂರು ಒಪ್ಪಿತವಾದವು: ಎರಡು ತೇವಕ್ಕೆ ಒಂದಕ್ಕೊಂದು ಅಂಟಿ ಜೋಡಿಯಾಗಿ ಹೋಗಿದ್ದವು, ಒಂದು ಓರೆಯಾಗಿ ಎಳೆದುಕೊಂಡಿತ್ತು. ನಾಲ್ಕು ಉಳಿದವು. ಒಂದು ಐನೂರರದು, ನೋಡಲು ಎಲ್ಲಕ್ಕಿಂತ ಶುಭ್ರ. ಅವರು ಅದನ್ನು ನೇರಳೆ ದೀಪದ ಕೆಳಗೆ ಹಿಡಿದಾಗ ನೀವೂ ಬೆಚ್ಚುತ್ತೀರಿ. ಇಡೀ ನೋಟು ತಿಳಿನೀಲಿಯಾಗಿ ಹೊಳೆಯುತ್ತಿದೆ! ನೋಟಿನ ಕಾಗದ ಹತ್ತಿಯದು. ಪೇಟೆಯ ಬಿಳಿ ಕಾಗದಕ್ಕೆ ಬೆರೆಸುವ ಹೊಳಪಿನ ರಾಸಾಯನಿಕ ಅದರಲ್ಲಿರುವುದಿಲ್ಲ. ಹಾಗಾಗಿ ನೇರಳಾತೀತ ಬೆಳಕಿನಲ್ಲಿ ಅದು ಮಂಕಾಗಿರಬೇಕು, ದಾರವೂ ಅಲ್ಲಲ್ಲಿ ಚದುರಿದ ನಾರೂ ನಂಬರೂ ಮಾತ್ರ ಮಿನುಗಬೇಕು. ಮೈಯೆಲ್ಲ ಹೊಳೆದರೆ ಅದು ಜೆರಾಕ್ಸ್ ಕಾಗದದ ಲಕ್ಷಣ. ಕ್ಯಾಶಿಯರ್ ನಗುತ್ತಾರೆ. ಹೆಬ್ಬೆರಳು ಅಂಚಿನ ಐದು ಉಬ್ಬುಗೆರೆಗಳ ಮೇಲೆ ಹಾಯುತ್ತದೆ. ಅಂಧರು ಮುಟ್ಟಿ ಗುರುತಿಸಲೆಂದು ಹಾಕಿದ ಗೆರೆಗಳವು, ಐನೂರಕ್ಕೆ ಐದು. ಅವು ಇವೆ. ದಾರ ಬಣ್ಣ ಬದಲಿಸುತ್ತದೆ. ಬೆಳಕಿಗೆ ಹಿಡಿದರೆ ನೀರುಗುರುತು ಇದೆ.

"ಅಂಗಿ ಜೇಬಿನಾಗ ಬಿಟ್ಟು ಒಗಿಲಿಕ್ ಹಾಕ್ಯಾರ್ರಿ. ಸಾಬೂನು ಪುಡಿ ಹಿಡದದ." ಬಟ್ಟೆ ಬೆಳ್ಳಗೆ ಕಾಣಲೆಂದು ಒಗೆಯುವ ಪುಡಿಯಲ್ಲಿ ಇರುವುದೂ ಅದೇ ಹೊಳಪಿನ ರಾಸಾಯನಿಕ. ನೋಟು ಅಸಲಿ. ಎಡಗೂಡಿನ ಕಟ್ಟಿಗೆ ಸೇರಿತು.

ಉಳಿದ ಮೂರು ಹಳದಿ. ಇವುಗಳ ಊರು ಹೇಳಲು ಕ್ಯಾಶಿಯರ್ ಬೇಕಾಗಿಲ್ಲ, ಭಾಲ್ಕಿ ತಾಲೂಕಿನ ಮಕ್ಕಳೂ ಹೇಳುತ್ತಾರೆ. ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಯಲ್ಲಿ ಮೂರೂ ರಾಜ್ಯದ ಭಕ್ತರು ಭಂಡಾರ ಎರಚುತ್ತಾರೆ. ಆ ಅರಿಸಿನಪುಡಿ ಮೈಗೂ ಮೆಟ್ಟಿಲಿಗೂ ಕಾಣಿಕೆಯ ನೋಟಿಗೂ ಮೆತ್ತುತ್ತದೆ. ಅರಿಸಿನ ನೇರಳಾತೀತ ಬೆಳಕಿನಲ್ಲಿ ಹಸಿರುಹಳದಿಯಾಗಿ ಹೊಳೆಯುವ ವಸ್ತು. ದೇವರ ಮುಂದೆ ಇಟ್ಟ ನೋಟು ಯಂತ್ರದ ಮುಂದೆ ಬಂದಾಗ ಅನುಮಾನಕ್ಕೆ ಸಿಗುತ್ತದೆ. ಕ್ಯಾಶಿಯರ್ ಅವನ್ನು ಮೂಗಿನ ಹತ್ತಿರ ತಂದು, ಒಪ್ಪಿ, ಪಕ್ಕಕ್ಕಿಡುತ್ತಾರೆ. ಇಂಥ ಮೂಸುವ ಪರೀಕ್ಷೆ ಯಾವ ಸುತ್ತೋಲೆಯಲ್ಲೂ ಇಲ್ಲ. ಬೀದರದ ಬಿದ್ರಿ ಕುಶಲಿಗಳು ಕೋಟೆಯ ಮಣ್ಣನ್ನು ನಾಲಗೆಯ ಮೇಲಿಟ್ಟು ಆರಿಸುತ್ತಾರೆ. ಬೆಳ್ಳಿಯ ಕುಸುರಿಯ ಸುತ್ತ ಲೋಹ ಕಪ್ಪಾಗುವುದು ಆ ಮಣ್ಣಿನಿಂದ. ಮಗ್ಗುಲ ತಾಲೂಕಿನಲ್ಲಿ ಒಬ್ಬರು ನೋಟು ಮೂಸಿದರೆ ಆಶ್ಚರ್ಯವೇನು?

ಯಂತ್ರ ಹೀಗೆ ಎಡವುತ್ತದೆ ಎಂದು ಅದನ್ನು ಹಗುರ ಮಾಡಬೇಡಿ. ನೂರರಲ್ಲಿ ತೊಂಬತ್ತಮೂರಕ್ಕೆ ಅದು ಕೊಟ್ಟ ತೀರ್ಪನ್ನು ಯಾರೂ ಮತ್ತೆ ನೋಡಲಿಲ್ಲ, ನೋಡಬೇಕಾಗಿಯೂ ಇಲ್ಲ. ಅದರ ಕಣ್ಣು ಮಂಜಾಗದಂತೆ ಗಾಜು ಒರೆಸುವುದು ದಿನದ ಕೆಲಸ. ಗಾಜಿನ ಮೇಲೆ ಒಂದು ಧೂಳಿನ ಕಣ ಕೂತರೆ ಹಾಯ್ದ ಪ್ರತಿ ನೋಟಿಗೂ ಉದ್ದಕ್ಕೆ ಒಂದು ಗೀಟು ಕಾಣುತ್ತದೆ, ಒಳ್ಳೆಯವೆಲ್ಲ ಎಡಗೂಡಿಗೆ ಬೀಳುತ್ತವೆ. ಮೂರು ತಿಂಗಳಿಗೊಮ್ಮೆ ಯಂತ್ರವನ್ನೇ ಪರೀಕ್ಷಿಸಬೇಕು ಎಂದೂ ನಿಯಮವಿದೆ.

ಅಷ್ಟರಲ್ಲಿ ಕೌಂಟರಿಗೆ ಒಬ್ಬ ಮುತ್ಯಾ ಬರುತ್ತಾರೆ. ಕೈಯಲ್ಲಿ ಎರಡು ತುಂಡಾದ ನೋಟು, ಪ್ಲಾಸ್ಟಿಕ್ ಚೀಟಿಯಲ್ಲಿ. ಕೇಳಲೂ ಅಳುಕು. "ಸಾಹೇಬ್ರ, ನಂದು ಈ ಬ್ಯಾಂಕಿನ್ಯಾಗ ಖಾತೆ ಇಲ್ರಿ."

"ಖಾತೆ ಬೇಕಾಗಂಗಿಲ್ಲ ಮುತ್ಯಾ, ಕೊಡ್ರಿ ಇತ್ತ."

ಕ್ಯಾಶಿಯರ್ ತುಂಡುಗಳನ್ನು ಸೇರಿಸಿ ನಂಬರು ನೋಡುತ್ತಾರೆ. ಎರಡೂ ಒಂದೇ ನೋಟಿನವು, ಮುಖ್ಯ ಗುರುತು ಯಾವುದೂ ಹೋಗಿಲ್ಲ. ಅಂಥದ್ದು ನಿಯಮದ ಪ್ರಕಾರ ಬರೀ ಕೊಳೆಯಾದ ನೋಟು; ಪೂರ್ತಿ ಬೆಲೆ. ಯಾವ ಬ್ಯಾಂಕಿನ ಯಾವ ಶಾಖೆಯಾದರೂ ಬದಲಿಸಿ ಕೊಡಬೇಕು. ತುಂಡು ಕಳೆದುಹೋಗಿದ್ದರೆ ಲೆಕ್ಕ ಬೇರೆ: ಐವತ್ತು ಮತ್ತು ಅದಕ್ಕಿಂತ ದೊಡ್ಡ ನೋಟಿನಲ್ಲಿ ಉಳಿದ ದೊಡ್ಡ ತುಂಡು ಶೇಕಡಾ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ, 40ರಿಂದ 80ರವರೆಗೆ ಅರ್ಧ, ಅದಕ್ಕೂ ಕಡಿಮೆಯಾದರೆ ಇಲ್ಲ. ಇಪ್ಪತ್ತರವರೆಗಿನ ಸಣ್ಣ ನೋಟಿಗೆ ಅರ್ಧಕ್ಕಿಂತ ಹೆಚ್ಚು ಉಳಿದರೆ ಸಾಕು, ಪೂರ್ತಿ ಸಿಗುತ್ತದೆ. ಮುತ್ಯಾ ಹೊಸ ನೋಟು ಪಡೆದು, ಅದನ್ನು ಎರಡೆರಡು ಸಲ ತಿರುಗಿಸಿ ನೋಡುತ್ತಾರೆ. ಈಗ ಪರೀಕ್ಷಿಸುವ ಸರದಿ ಅವರದು.

ಔರಾದಿನ ಅಂಗಡಿಯಲ್ಲಿ ಸೋತ ಆ ಟೇಪಿನ ನೋಟು ಇಲ್ಲಿಗೆ ಬಂದಿದ್ದರೆ ಯಂತ್ರ ಅದನ್ನೂ ತಳ್ಳುತ್ತಿತ್ತು, ಸಾಹುಕಾರರಿಗಿಂತ ನಿರ್ದಾಕ್ಷಿಣ್ಯವಾಗಿ ತಳ್ಳುತ್ತಿತ್ತು. ಗೌಡರ ಕಟ್ಟಿನೊಳಗಿನ ಟೇಪಿನ ನೋಟನ್ನೂ ಹಾಗೆಯೇ. ಆದರೆ ಆ ತಳ್ಳುವಿಕೆಯಲ್ಲಿ ತಂದವಳಿಗೆ ಒಂದು ಪೈಸೆ ನಷ್ಟವಿರುತ್ತಿರಲಿಲ್ಲ. ನೋಟು ಮಾತ್ರ ಸೋಲುತ್ತಿತ್ತು. ಆಕೆಗೆ ಇದನ್ನು ಯಾರೂ ಹೇಳಿಲ್ಲ ಅಷ್ಟೆ. ಬ್ಯಾಂಕಿನ ಗೋಡೆಯ ಮೇಲೆ ಬರೆದು ಹಾಕಿದ್ದರೂ, ಅದನ್ನು ಓದಲು ಬ್ಯಾಂಕಿನೊಳಗೆ ಬರುವ ಧೈರ್ಯ ಮೊದಲು ಬೇಕಲ್ಲ.

ಒಂದು ತೀರ್ಪು ಮಾತ್ರ ತಂದವರ ಮೇಲೂ ಬೀಳುತ್ತದೆ. ಖೋಟಾ ಎಂದು ಖಾತ್ರಿಯಾದ ನೋಟನ್ನು ಬ್ಯಾಂಕು ಮರಳಿ ಕೊಡುವುದಿಲ್ಲ. ಮೊಹರು ಹೊಡೆದು ವಶಕ್ಕೆ ಇಟ್ಟುಕೊಂಡು ರಸೀದಿ ಕೊಡುತ್ತದೆ, ಬೆಲೆ ಕೊಡುವುದಿಲ್ಲ. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟು ವರದಿ, ಐದು ಅಥವಾ ಹೆಚ್ಚಾದರೆ ಕೂಡಲೇ ದೂರು. ಆ ಖಾತ್ರಿಯನ್ನು ಯಂತ್ರಕ್ಕೆ ಬಿಟ್ಟಿಲ್ಲ. ಯಂತ್ರ ಅನುಮಾನ ಪಡುತ್ತದೆ, ಮನುಷ್ಯ ನಿರ್ಧರಿಸಬೇಕು. ಅರಿಸಿನದ ನೋಟುಗಳನ್ನು ನೋಡಿದ ಮೇಲೆ ಈ ವ್ಯವಸ್ಥೆ ಸರಿಯೆನಿಸುತ್ತದೆ.

ಎಡಗೂಡಿನ ನೋಟುಗಳು ನೂರು ನೂರರ ಪ್ಯಾಕೆಟ್ಟಾಗಿ, ಹತ್ತು ಪ್ಯಾಕೆಟ್ಟಿಗೊಂದು ಬಂಡಲಾಗಿ ಬೀದರಿಗೆ ಹೋಗುತ್ತವೆ. ಕಾಗದದ ಪಟ್ಟಿ ಮಾತ್ರ, ಪಿನ್ನು ಹೊಡೆಯುವಂತಿಲ್ಲ. 2001ಕ್ಕೆ ಮೊದಲು ಬ್ಯಾಂಕಿನ ಪ್ಯಾಕೆಟ್ಟೆಂದರೆ ದಪ್ಪ ಪಿನ್ನು, ಅದನ್ನು ಕೀಳುವಾಗ ನೋಟೆಲ್ಲ ತೂತು. ಆ ತೂತನ್ನು ಕಂಡವರು ಇನ್ನೂ ಬಹಳ ಮಂದಿ ಇದ್ದಾರೆ.

ಬೀದರದಲ್ಲಿ ನಾವು ನೋಡುವುದು ಗೇಟು ಮಾತ್ರ. ಕರೆನ್ಸಿ ಚೆಸ್ಟ್ ಎಂದರೆ ಬ್ಯಾಂಕಿನ ಕಟ್ಟಡದೊಳಗೆ ಇದ್ದರೂ ಅಲ್ಲಿನ ಹಣ ರಿಸರ್ವ್ ಬ್ಯಾಂಕಿನದು. ಬೇರೆಯವರ ಮನೆಯಲ್ಲಿ ಇಟ್ಟ ಬೀಗದ ಪೆಟ್ಟಿಗೆ. ಕಬ್ಬಿಣದ ಬಾಗಿಲು, ಕ್ಯಾಮೆರಾ, ಬಂದೂಕಿನವರು. ಇಲ್ಲಿ ನಿಂತು ಹೆಚ್ಚು ಹೊತ್ತು ದಿಟ್ಟಿಸುವುದೂ ಒಳ್ಳೆಯದಲ್ಲ. 2025ರ ಜನವರಿ 16ರಂದು ಇದೇ ಊರಿನಲ್ಲಿ, ಹಾಡಹಗಲು, ಎಟಿಎಂಗೆ ತುಂಬಲು ಹಣ ಒಯ್ಯುತ್ತಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿ ಪೆಟ್ಟಿಗೆ ಹೊತ್ತೊಯ್ದರು, ಜೀವ ಹೋಯಿತು. ಅಂದಿನಿಂದ ಈ ಊರಿನಲ್ಲಿ ಹಣದ ಗಾಡಿ ನಿಂತರೆ ಸುತ್ತಲಿನವರು ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಗೇಟಿನಾಚೆ ಕೂಡಿಟ್ಟ ಸವೆದ ನೋಟು ರಿಸರ್ವ್ ಬ್ಯಾಂಕಿಗೆ ಹೋಗುತ್ತವೆ. ಅಲ್ಲಿನದು ಭಾಲ್ಕಿಯ ಯಂತ್ರದ ಹಿರಿಯಣ್ಣ. ತಾಸಿಗೆ ಐವತ್ತರಿಂದ ಅರವತ್ತು ಸಾವಿರ ನೋಟು ಎಣಿಸಿ, ಅಸಲಿಯೇ ಎಂದು ನೋಡಿ, ಸವೆದದ್ದನ್ನು ಹೊರಗೆ ಬಿಡದೆ ಅಲ್ಲೇ ಒಳಗೇ ಚೂರು ಮಾಡಿಬಿಡುತ್ತದೆ. ಚೂರುಗಳು ಕೊಳವೆಯಲ್ಲಿ ಹೋಗಿ ಇನ್ನೊಂದು ಯಂತ್ರದಲ್ಲಿ ಒತ್ತಿಸಿಕೊಂಡು ಪುಟ್ಟ ಇಟ್ಟಿಗೆಗಳಾಗುತ್ತವೆ. ಶಾಖೆಯಲ್ಲಿ ತಪ್ಪಿ ಎಡಗೂಡಿಗೆ ಬಿದ್ದ ಒಳ್ಳೆಯ ನೋಟಿಗೆ ಇಲ್ಲಿ ಕೊನೆಯ ಅವಕಾಶ: ಈ ಯಂತ್ರ ಒಪ್ಪಿದರೆ ಅದು ಮತ್ತೆ ಊರು ಕಾಣುತ್ತದೆ.

ಹುಟ್ಟುವಾಗಲೂ ಪರೀಕ್ಷೆಯೇ. ನೋಟು ಅಚ್ಚಾಗುವುದು ದೇಶದ ನಾಲ್ಕು ಕಡೆ: ನಾಸಿಕ್, ದೇವಾಸ್, ಮೈಸೂರು, ಸಾಲ್ಬೋನಿ. ಮೈಸೂರಿನ ಮುದ್ರಣಾಲಯ ಕೆಲಸ ಶುರುಮಾಡಿದ್ದು 1996ರಲ್ಲಿ. ಈಗ ಕಾಗದದ ಗಿರಣಿಯೂ ಶಾಯಿಯ ಕಾರ್ಖಾನೆಯೂ ಆ ಊರಿನಲ್ಲೇ ಇವೆ. ದೊಡ್ಡ ಹಾಳೆಯ ಮೇಲೆ ಒಮ್ಮೆಗೆ ಅನೇಕ ನೋಟು. ಹಿನ್ನೆಲೆಯ ಬಣ್ಣ ಒಂದು ಹಂತ, ಒತ್ತಡದಲ್ಲಿ ಉಬ್ಬುವ ಚಿತ್ರ ಇನ್ನೊಂದು ಹಂತ, ನಂಬರು ಕೊನೆಗೆ. ಪ್ರತಿ ಹಂತದಲ್ಲೂ ಹಾಳೆ ಆರಿ ಹದಕ್ಕೆ ಬರಬೇಕು. ಹದ ತಪ್ಪಿದರೆ ಚಿತ್ರ ಸರಿಯುತ್ತದೆ, ಶಾಯಿ ಹರಡುತ್ತದೆ. ಕ್ಯಾಮೆರಾಗೂ ಕಣ್ಣಿಗೂ ಸಿಕ್ಕ ಕೆಟ್ಟ ನೋಟನ್ನು ಕಿತ್ತು ಹಾಕಿದರೆ ನಂಬರಿನ ಸರಣಿಯಲ್ಲಿ ಹಲ್ಲುದುರಿದ ಹಾಗೆ ಖಾಲಿ. ಹಿಂದೆ ಅದೇ ನಂಬರಿನ ಇನ್ನೊಂದು ನೋಟು ಅಚ್ಚುಮಾಡಿ ಆ ಜಾಗ ತುಂಬುತ್ತಿದ್ದರು. ದುಬಾರಿ, ನಿಧಾನದ ಕೆಲಸ. 2006ರಿಂದ ಒಂದು ಉಪಾಯ ಬಂತು. ಕೆಟ್ಟದ್ದರ ಬದಲಿಗೆ ಬೇರೆ ನಂಬರಿನ ನೋಟು ಸೇರಿಸಿ, ಅದರ ಮೊದಲಕ್ಷರಗಳಿಗೂ ಅಂಕಿಗೂ ನಡುವೆ ಒಂದು ನಕ್ಷತ್ರ ಹಾಕುವುದು. ಪ್ಯಾಕೆಟ್ಟಿನ ಪಟ್ಟಿಯ ಮೇಲೂ ಒಳಗೆ ನಕ್ಷತ್ರವಿದೆ ಎಂಬ ಸೂಚನೆ. ಮೊದಲು ಸಣ್ಣ ನೋಟಿಗೆ, 2016ರಿಂದ ಐನೂರಕ್ಕೂ.

ನಕ್ಷತ್ರದ ನೋಟೆಂದರೆ, ಹೀಗೆ, ಮುದ್ರಣದ ಪರೀಕ್ಷೆ ಕಟ್ಟುನಿಟ್ಟಾಗಿ ನಡೆದಿದೆ ಎಂಬುದಕ್ಕೆ ಸಾಕ್ಷಿ. ಪೇಟೆಯಲ್ಲಿ ಅದರ ಅರ್ಥ ತಿರುಗುಮುರುಗು. 2023ರಲ್ಲಿ ನಕ್ಷತ್ರದ ಐನೂರು ಖೋಟಾ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿ, ಜುಲೈ ಕೊನೆಗೆ ರಿಸರ್ವ್ ಬ್ಯಾಂಕೇ ಅದು ಬೇರೆಲ್ಲ ನೋಟಿನಷ್ಟೇ ಅಸಲಿ ಎಂದು ಹೇಳಿಕೆ ಕೊಡಬೇಕಾಯಿತು.

ಬೀದರದ ಗಾಂಧಿ ಗಂಜಿಗೆ ಬನ್ನಿ. ಮಳೆ ಬಿಟ್ಟಿದೆ. ಅಡತಿ ಅಂಗಡಿಯ ಗಾದಿಯ ಮೇಲೆ ಬಿಳಿ ಟೋಪಿಯ ಹಿರಿಯರೊಬ್ಬರು ಕೂತು, ನಿಜಾಮನ ಕಾಲದ ರೂಪಾಯಿ ಹಾಲಿ ಸಿಕ್ಕಾದ ಮಾತು ತೆಗೆದಿದ್ದಾರೆ. ನಿಜಾಮನ ರಾಜ್ಯಕ್ಕೆ ತನ್ನದೇ ನೋಟಿತ್ತು, 1918ರಿಂದ. ಅದರ ಮೇಲೆ ಉರ್ದು, ಮರಾಠಿ, ತೆಲುಗಿನ ಜೊತೆ ಕನ್ನಡವೂ ಇತ್ತು. ಬ್ರಿಟಿಷರ ರೂಪಾಯಿಯನ್ನು ಇಲ್ಲಿಯವರು ಕಲ್ದಾರ ಎನ್ನುತ್ತಿದ್ದರು, ಎರಡರ ಬೆಲೆ ಒಂದೇ ಅಲ್ಲ. 1948ರಲ್ಲಿ ಸಂಸ್ಥಾನ ಹೋದರೂ ಹಾಲಿ ಇನ್ನೂ ಕೆಲವು ವರ್ಷ ಓಡಾಡಿ, 1959ರಲ್ಲಿ ನಿಂತಿತು. "ನಮ್ಮಪ್ಪ ಬೆಳ್ಳಿ ರೂಪಾಯಿ ಕಲ್ಲಿಗಿ ಒಗದು ಸಪ್ಪಳ ಕೇಳ್ತಿದ್ದ್ರಿ," ಎನ್ನುತ್ತಾರೆ ಹಿರಿಯರು. ಈಗಿನ ಐನೂರರ ಬೆನ್ನಿನ ಭಾಷಾಪಟ್ಟಿಯಲ್ಲೂ ಆ ನಾಲ್ಕು ಭಾಷೆ ಇವೆ: ಕನ್ನಡ ನಾಲ್ಕನೆಯ ಸಾಲು, ಮರಾಠಿ ಎಂಟನೆಯದು, ತೆಲುಗು ಹದಿನಾಲ್ಕು, ಉರ್ದು ಕೊನೆಯದು. ಅವುಗಳ ಜೊತೆ ಇನ್ನೂ ಹನ್ನೊಂದು ಭಾಷೆ ಬಂದು ಸೇರಿವೆ.

ಮುನೀಮರು ಬ್ಯಾಂಕಿನಿಂದ ತಂದ ಹೊಸ ಪ್ಯಾಕೆಟ್ಟು ಒಡೆಯುತ್ತಾರೆ. ಎಣಿಸುತ್ತಾ ಒಂದರ ಮೇಲೆ ಬೆರಳು ನಿಲ್ಲುತ್ತದೆ. ನಂಬರಿನ ನಡುವೆ ನಕ್ಷತ್ರ.

"ಇದೇನ್ರಿ ಸೇಠ್‌ಜಿ, ಚುಕ್ಕಿದು?"

"ಬ್ಯಾಂಕಿಂದೇ ಬಂದದಲ್ಲ. ನಡೀತದ ಇಡು."

ಮುನೀಮರು ಇಡುವುದಿಲ್ಲ. ನಡೆಯುತ್ತದೆ ಎಂದು ಅವರಿಗೂ ಗೊತ್ತು. ಆದರೂ ಅದನ್ನು ಪ್ಯಾಕೆಟ್ಟಿನಿಂದ ಬೇರೆ ತೆಗೆದು ಮೊಣಕಾಲ ಕೆಳಗೆ ಒತ್ತಿಕೊಳ್ಳುತ್ತಾರೆ. ಖರೀದಿದಾರರು ಬಂದು ಹೋಗುತ್ತಾರೆ, ಲಾರಿಯವನ ಬಾಡಿಗೆ ಸಂದಾಯವಾಗುತ್ತದೆ, ಆ ನೋಟು ಮಾತ್ರ ಹೊರಬರುವುದಿಲ್ಲ. ಸಂಜೆ ಹಮಾಲರು ಕೂಲಿಗೆ ಬಂದು ನಿಂತಾಗ ಮೊಣಕಾಲು ಎತ್ತುತ್ತಾರೆ.

ಮುಂದೆ ನಿಂತ ಹಮಾಲ ಹೆಗಲ ಟವೆಲ್ಲಿಗೆ ಕೈ ಒರೆಸಿಕೊಂಡು ನೋಟು ತಗೊಂಡು, ದೀಪಕ್ಕೆ ಹಿಡಿದು, ನಂಬರು ನೋಡಿ ಮರಳಿ ಗಾದಿಯ ಮೇಲಿಡುತ್ತಾನೆ.

"ಖರೇ ನೋಟೇ ಅದರಿ ಮುನೀಮಜಿ. ಆದ್ರ ಕಿರಾಣಿ ಅಂಗಡ್ಯಾಂವ ನನ್ ಕೈಯಾಗಿಂದು ತಗೊಳ್ಳಂಗಿಲ್ಲ. ನಿಮ್ ಕೈಯಾಗಿಂದು ತಗೋತಾನ. ಬ್ಯಾರೆ ಕೊಡ್ರಿ."